ಅಂಗೈಯಗಲದ ಉಗಿಯಂತ್ರ

ಉಗಿಬಂಡಿಯ ಕೂಗನ್ನು ಕೇಳಿ ಹೊತ್ತನ್ನು ತಿಳಿದುಕೊಳ್ಳುತ್ತಿದ್ದ ಕಾಲವು ಕಳೆದುಹೋಯಿತು. ಆದರೂ ಅಂತಹ ಯಂತ್ರವನ್ನು ಮೇಜಿನ ಮೇಲೆ ನಿಲ್ಲುವಷ್ಟು ಚಿಕ್ಕದಾಗಿ ತಮ್ಮ ಮನೆಯಲ್ಲಿಯೇ ರಚಿಸಿ, ಅದಕ್ಕೆ ನೀರನ್ನೂ ಬೆಂಕಿಯನ್ನೂ ಕೊಟ್ಟು ನಡೆಯಿಸುವವರು ಇಂಗ್ಲೆಂಡು ಮೊದಲಾದ ದೇಶಗಳಲ್ಲಿ ಇಂದಿಗೂ ಇದ್ದಾರೆ. ಇದು ಆಟಿಕೆಯ ಮಾತಲ್ಲವೇ, ಹೆಣ್ಣುಮಕ್ಕಳ ಪಾಠಶಾಲೆಯ ಸಂಚಿಕೆಯಲ್ಲಿ ಇದಕ್ಕೇನು ಕೆಲಸ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಆಟಿಕೆಯೆಂದು ತಿಳಿದು ಕೈಹಾಕಿದವರಿಗೆ ಅದು ಒಲಿಯುವುದಿಲ್ಲವೆಂಬುದನ್ನು ಮೊದಲು ತಿಳಿಸುವೆವು. ಎರಡನೆಯ ಪ್ರಶ್ನೆಗೆ ಉತ್ತರವು ಮುಂದೆ ತಾನಾಗಿಯೇ ದೊರೆಯುವುದು.

ಚಿಕ್ಕ ಯಂತ್ರವೆಂದರೆ ದೊಡ್ಡ ಯಂತ್ರವನ್ನು ಕುಗ್ಗಿಸಿದುದೆಂದು ಎಲ್ಲರೂ ಎಣಿಸುವುದು ಸಹಜವಾಗಿದೆ. ಈ ಎಣಿಕೆಯು ತಪ್ಪೆಂದು ಕಂಡುಕೊಂಡವರಲ್ಲಿ ಪ್ರಸಿದ್ಧನಾದವನು ಜೇಮ್ಸ್ ವಾಟ್ ಎಂಬವನು. ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಉಪಕರಣಗಳನ್ನು ಮಾಡುತ್ತಿದ್ದ ಈತನ ಕೈಗೆ 1763ರಲ್ಲಿ ನ್ಯೂಕಾಮೆನ್ನನ ಉಗಿಯಂತ್ರದ ಒಂದು ಮಾದರಿಯು ದುರಸ್ತಿಗೆ ಬಂದಿತು. ಅದರ ಸಿಲಿಂಡರಿನ ವ್ಯಾಸವು 2 ಅಂಗುಲ. ಪಿಸ್ಟನ್ನಿನ ಓಟವು 6 ಅಂಗುಲ. ಕೆಟ್ಟ ಭಾಗಗಳನ್ನು ಸರಿಪಡಿಸಿದ ಮೇಲೆಯೂ ಅದು ಕೆಲವು ಸಾರಿ ಆಡಿ ಉಗಿಯು ಸಾಲದೆ ನಿಂತುಬಿಡುತ್ತಿದ್ದಿತು. ಗಣಿಗಳಲ್ಲಿ ಹಗಲಿರುಳು ನೀರೆತ್ತುವ ಯಂತ್ರವು ಮೇಜಿನ ಮೇಲೆ ಏಕೆ ಸೋಲಬೇಕು?

ಕಾರಣವನ್ನು ನಮ್ಮ ಅಡಿಗೆಮನೆಯಲ್ಲಿಯೇ ಕಾಣಬಹುದು. ಬಚ್ಚಲಿನ ಹಂಡೆಯ ನೀರು ಬಹಳ ಹೊತ್ತು ಬಿಸಿಯಾಗಿರುವುದು. ಅದೇ ನೀರನ್ನು ಒಂದು ಲೋಟದಲ್ಲಿ ಇಟ್ಟರೆ ಬೇಗನೆ ಆರಿಹೋಗುವುದು. ಪಾತ್ರೆಯ ಅಳತೆಗಳನ್ನೆಲ್ಲ ಹದಿನಾರರಲ್ಲಿ ಒಂದು ಪಾಲಿಗೆ ಇಳಿಸಿದರೆ ಅದರ ಮೈಯ ವಿಸ್ತಾರವು 256ರಲ್ಲಿ ಒಂದು ಪಾಲಾಗುತ್ತದೆ. ಒಳಗೆ ಹಿಡಿಯುವ ನೀರಾದರೋ 4,096ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹೀಗಾಗಿ ಇರುವ ನೀರಿಗೆ ಹೋಲಿಸಿದರೆ ಶಾಖವು ತಪ್ಪಿಸಿಕೊಳ್ಳುವ ಮೈಯು ಹದಿನಾರು ಪಾಲು ಹೆಚ್ಚು. ನ್ಯೂಕಾಮೆನ್ನನ ಯಂತ್ರದಲ್ಲಿ ಪ್ರತಿ ಓಟಕ್ಕೂ ಸಿಲಿಂಡರಿನೊಳಗೆ ತಣ್ಣೀರನ್ನು ಚಿಮುಕಿಸಿ ಉಗಿಯನ್ನು ನೀರಾಗಿಸುತ್ತಿದ್ದರು. ತಣ್ಣಗಾದ ಗೋಡೆಯನ್ನು ಪುನಃ ಕಾಯಿಸುವುದಕ್ಕೇ ಉಗಿಯ ಬಹುಭಾಗವು ವ್ಯಯವಾಗುತ್ತಿದ್ದಿತು. ದೊಡ್ಡ ಯಂತ್ರದಲ್ಲಿ ಹೇಗೋ ಮರೆಯಾಗಿದ್ದ ಈ ದೋಷವು ಚಿಕ್ಕದರಲ್ಲಿ ಬಯಲಿಗೆ ಬಿದ್ದಿತು. ಉಗಿಯನ್ನು ಬೇರೊಂದು ಪಾತ್ರೆಯಲ್ಲಿ ತಣಿಸಬೇಕೆಂಬ ಯೋಚನೆಯು 1765ರಲ್ಲಿ ವಾಟನಿಗೆ ಹೊಳೆಯಿತು. 1769ರಲ್ಲಿ ಅದಕ್ಕೆ ಆತನು ಹಕ್ಕುಪತ್ರವನ್ನು ಪಡೆದನು. ಆ ಮಾದರಿಯನ್ನು ಗ್ಲಾಸ್ಗೋವಿನಲ್ಲಿ ಈಗಲೂ ಕಾಪಾಡಿಟ್ಟಿದ್ದಾರೆ.

ಮನೆಯಲ್ಲಿ ಈ ಕೆಲಸವನ್ನು ಕೈಕೊಳ್ಳುವವರಿಗಾಗಿ ಲಂಡನ್ನಿನಲ್ಲಿ 'ಮಾಡೆಲ್ ಎಂಜಿನಿಯರ್' ಎಂಬ ಪತ್ರಿಕೆಯು 1898ರಲ್ಲಿ ಹೊರಟಿತು. ಹೊಸಬರು ಸಾಮಾನ್ಯವಾಗಿ ಎರಕದ ತುಂಡುಗಳನ್ನು ಕೊಂಡು ಆರಂಭಿಸುವರು. ಸ್ಟುಅರ್ಟ್ ಟರ್ನರ್ ಎಂಬ ಹೆಸರಿನ ಚಿಕ್ಕ ನಿಲುವು ಯಂತ್ರವೊಂದರ ಸಿಲಿಂಡರಿಗೆ ವ್ಯಾಸವೂ ಓಟವೂ ಮುಕ್ಕಾಲು ಅಂಗುಲ ಮಾತ್ರ. ಪೆಟ್ಟಿಗೆಯಲ್ಲಿ ಬರುವುದು ಒರಟಾದ ಲೋಹ. ಅದನ್ನು ಲೇತ್ ಯಂತ್ರದಲ್ಲಿ ಕಡೆದು, ಅರದಿಂದ ಉಜ್ಜಿ, ತೂತು ಕೊರೆದು, ತಿರುಪು ಹಾಕಿ ಯಂತ್ರವನ್ನಾಗಿ ಮಾಡುವುದು ಕೊಂಡವರ ಪಾಲಿನ ಕೆಲಸ. ಮುಂಚೆ ಕಾಲಿನಿಂದ ತುಳಿಯುವ ಲೇತುಗಳಿದ್ದವು. 1946ರಲ್ಲಿ ಹೊರಟ ಮೈಫರ್ಡ್ ಎಂಬ ವಿದ್ಯುತ್ತಿನ ಲೇತು ಅನೇಕ ಮನೆಗಳ ಹಿತ್ತಿಲ ಕೊಟ್ಟಿಗೆಗಳನ್ನು ಸೇರಿತು. ಪಿಸ್ಟನ್ನಿನ ಎರಡು ಕಡೆಗಳಿಗೂ ಉಗಿಯನ್ನು ಸರದಿಯಂತೆ ಹಂಚುವುದು ಒಂದು ಜಾರುವ ಕವಾಟ. ತಲೆಕೆಳಗಾದ ಪುಟ್ಟ ಡಬ್ಬಿಯಂತಿರುವ ಇದು ಮೂರು ಕಂಡಿಗಳ ಮೇಲೆ ಹಿಂದೆ ಮುಂದೆ ಸರಿಯುತ್ತ, ಒಂದು ಕಡೆಗೆ ಹೊಸ ಉಗಿಯನ್ನು ಬಿಡುವಾಗಲೇ ಇನ್ನೊಂದು ಕಡೆಯ ಹಳೆಯ ಉಗಿಯನ್ನು ನಡುವಣ ಕಂಡಿಯಿಂದ ಹೊರಗೆ ಕಳುಹುವುದು. ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಯಂತ್ರವು ಕುಂಟುವುದು.

ಇಷ್ಟೆಲ್ಲ ಕೆಟ್ಟರೆ ನಷ್ಟವಾಗುವುದು ಶ್ರಮವೊಂದೇ. ಬಾಯ್ಲರಿನ ಮಾತು ಹಾಗಲ್ಲ. ನಮ್ಮ ಮನೆಗಳ ಪ್ರೆಶರ್ ಕುಕ್ಕರಿನಲ್ಲಿ ಚದರ ಅಂಗುಲಕ್ಕೆ ಸುಮಾರು 15 ಪೌಂಡು ಒತ್ತಡವಿರುವುದು. ಚಿಕ್ಕ ಉಗಿಬಂಡಿಯ ಬಾಯ್ಲರಿನಲ್ಲಿ 80 ಪೌಂಡು ಇರುವುದು ಸಾಧಾರಣ. ಆದುದರಿಂದ ಬಲ್ಲವರು ಅದನ್ನು ತಾಮ್ರದ ತಗಡಿನಿಂದ ಮಾಡುವರು. ತಾಮ್ರವನ್ನು ಬಡಿಯುತ್ತ ಹೋದಂತೆ ಅದು ಗಡುಸಾಗುವುದು. ಕೆಂಪಗೆ ಕಾಯಿಸಿದರೆ ಮತ್ತೆ ಮೆತ್ತಗಾಗುವುದು. ಹಂಡೆ ಕೊಡಗಳನ್ನು ಬಡಿಯುವ ನಮ್ಮ ಕಂಚುಗಾರರಿಗೆ ಈ ಗುಟ್ಟನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೀಗೆ ಬಡಿದು ಅಂಚು ಮಡಿಚಿದ ಫಲಕಗಳನ್ನು ಬೆಳ್ಳಿಯ ಬೆಸುಗೆಯಿಂದ ಕೂಡಿಸುವರು. ಅಗ್ಗವಾದ ಸೀಸ ತವರಗಳ ಬೆಸುಗೆಯು ಏಕೆ ಸಲ್ಲದೆಂದರೆ, 80 ಪೌಂಡು ಒತ್ತಡದ ಉಗಿಯ ಶಾಖವು ಸುಮಾರು 162 ಡಿಗ್ರಿ ಸೆಂಟಿಗ್ರೇಡು. ಆ ಬೆಸುಗೆಯು 183ರಲ್ಲಿಯೇ ಕರಗತೊಡಗುವುದು. ನೀರು ಸ್ವಲ್ಪ ತಗ್ಗಿ, ಬೆಂಕಿಯು ಒಣಗಿದ ತಗಡಿಗೆ ತಗುಲಿತೆಂದರೆ ಸಂಧಿಯೇ ಬಿಟ್ಟುಹೋಗುವುದು. ಬೆಳ್ಳಿಯ ಬೆಸುಗೆಯಾದರೋ 600 ಡಿಗ್ರಿಯ ಆಚೆಗೆ ಕರಗುವಂಥದು.

ಬಾಯ್ಲರು ಮುಗಿದೊಡನೆ ಬೆಂಕಿ ಹಾಕತಕ್ಕದ್ದಲ್ಲ. ಮೊದಲು ಗಾಳಿಯು ಉಳಿಯದಂತೆ ತಣ್ಣೀರನ್ನು ತುಂಬಿ, ನಡೆಯತಕ್ಕ ಒತ್ತಡದ ಎರಡರಷ್ಟು, ಎಂದರೆ 160 ಪೌಂಡಿನವರೆಗೆ ಪಂಪಿನಿಂದ ಒತ್ತಿ ನೋಡುವರು. ಉಗಿಯನ್ನಾಗಲಿ ಗಾಳಿಯನ್ನಾಗಲಿ ಬಿಟ್ಟು ತಣ್ಣೀರನ್ನೇ ಏಕೆ ಆರಿಸಿಕೊಂಡರು? ನೀರು ಒತ್ತಿದರೆ ಕುಗ್ಗುವಂಥದಲ್ಲ. ಬಿರುಕು ಬಿಟ್ಟರೆ ಒಂದು ತೊಟ್ಟು ಸೋರಿ ಒತ್ತಡವು ಇಳಿದುಹೋಗುವುದು. ಉಗಿಯಾದರೆ ತುಂಡುಗಳು ಹಾರಿ ನೋಡುವವರ ಕಣ್ಣು ಹೋದೀತು. ಮಗನಾಗಲಿ ಮಗಳಾಗಲಿ ಇಂತಹ ಕೆಲಸಕ್ಕೆ ಕೈಹಾಕಿದರೆ ತಾಯಿತಂದೆಗಳು ಕೇಳತಕ್ಕ ಮೊದಲನೆಯ ಪ್ರಶ್ನೆಯು ಈ ಪರೀಕ್ಷೆಯ ವಿಷಯವಾಗಿಯೇ ಇರಲಿ. ಉಳಿದುದೆಲ್ಲವನ್ನೂ ಅವರ ಉತ್ಸಾಹಕ್ಕೆ ಬಿಡಬಹುದು.

ಬೆಂಕಿಯ ವಿಷಯದಲ್ಲಿಯೂ ಚಿಕ್ಕದಕ್ಕೆ ಬೇರೆಯೇ ನ್ಯಾಯ. ದೊಡ್ಡ ಬಾಯ್ಲರಿನೊಳಗಣ ನೂರಾರು ಕೊಳವೆಗಳನ್ನು ಅದೇ ಲೆಕ್ಕದಲ್ಲಿ ಸಣ್ಣದು ಮಾಡಿದರೆ ಹೊಗೆಯು ಅವುಗಳಲ್ಲಿ ತೂರಲಾರದು, ಮಸಿಯು ಕಟ್ಟಿಕೊಳ್ಳುವುದು. ಚಿಕ್ಕ ಬಂಡಿಗೆ ಕಲ್ಲಿದ್ದಲು ಒಗ್ಗುವುದಿಲ್ಲ, ಸ್ಪಿರಿಟ್ಟಿನ ದೀಪವೇ ಗತಿಯೆಂದು 1920ರ ದಶಕದಲ್ಲಿಯೂ ಅನೇಕರು ವಾದಿಸುತ್ತಿದ್ದರು. ಎಲ್.ಬಿ.ಎಸ್.ಸಿ. ಎಂಬ ಅಕ್ಷರಗಳನ್ನೇ ಹೆಸರಾಗಿಟ್ಟುಕೊಂಡು ಬರೆಯುತ್ತಿದ್ದ ಒಬ್ಬರು ಎರಡೂವರೆ ಅಂಗುಲ ಹಳಿಯ 'ಆಯೇಷಾ' ಎಂಬ ತಮ್ಮ ಬಂಡಿಗೆ ಕಲ್ಲಿದ್ದಲನ್ನೇ ಹಾಕಿ, ಬೆಳೆದ ಮನುಷ್ಯರನ್ನು ಎಳೆಯಿಸಿ ತೋರಿಸಿದರು. ಆಮೇಲೆ ವಾದವು ತಣ್ಣಗಾಯಿತು.

ಈ ವಿದ್ಯೆಯಲ್ಲಿ ಗಂಡಸರನ್ನೆಲ್ಲ ಹಿಂದೆ ಹಾಕಿದವರು ಒಬ್ಬ ಮಹಿಳೆಯೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಸಂತೋಷದಿಂದ ಓದುವರೆಂದು ನಂಬಿದ್ದೇವೆ. ಇಂಗ್ಲೆಂಡಿನಲ್ಲಿ 1931ರಲ್ಲಿ ಜನಿಸಿದ ಚೆರಿ ಹಿಲ್ ಎಂಬವರು ಬಾಲ್ಯದಲ್ಲಿ ತಂದೆಯ ಕಾರ್ಯಾಗಾರದಲ್ಲಿ ಉಪಕರಣಗಳ ಬಳಕೆಯನ್ನು ಕಲಿತು, ವಿಶ್ವವಿದ್ಯಾನಿಲಯದಲ್ಲಿ ಗಣಿತವನ್ನು ಓದಿದರು. ಹತ್ತೊಂಬತ್ತನೆಯ ಶತಮಾನದ ವಿಚಿತ್ರವಾದ ಹೊಲದ ಉಗಿಯಂತ್ರಗಳನ್ನು ಹಳೆಯ ನಕ್ಷೆಗಳಿಂದ ಹುಡುಕಿ, ಹದಿನಾರರಲ್ಲಿ ಒಂದು ಪಾಲಿನ ಅಳತೆಯಲ್ಲಿ ಅವರು ರಚಿಸಿದರು. ಒಂದೊಂದಕ್ಕೂ ಸಾವಿರಾರು ಗಂಟೆಗಳು ಹಿಡಿದವು. ನಕ್ಷೆಯಲ್ಲಿ ಚೆನ್ನಾಗಿ ಕಾಣುವುದು ಲೋಹದಲ್ಲಿ ನಡೆಯಲೇಬೇಕೆಂಬ ನಿಯಮವಿಲ್ಲವಷ್ಟೆ. ಮೂಲ ಯಂತ್ರಶಿಲ್ಪಿಯು ಎಲ್ಲಿ ಎಡವಿದನೆಂಬುದು ನೂರು ವರ್ಷಗಳ ತರುವಾಯ ಅವರ ಮೇಜಿನ ಮೇಲೆ ತಿಳಿದುಬರುವುದಿತ್ತು. ಬ್ರಿಟಿಷ್ ಸರಕಾರವು 2000ನೆಯ ಇಸವಿಯಲ್ಲಿ ಅವರಿಗೆ ಎಂ.ಬಿ.ಇ. ಬಿರುದನ್ನು ಕೊಟ್ಟಿತು. ತಮ್ಮ ಯಂತ್ರಗಳಲ್ಲಿ ಅನೇಕವನ್ನು ಅವರು ಲಂಡನ್ನಿನ ಯಂತ್ರಶಿಲ್ಪಿಗಳ ಸಂಸ್ಥೆಗೆ ದಾನವಾಗಿ ಒಪ್ಪಿಸಿದ್ದಾರೆ.