ಉದ್ದ ಕಾರಿನ ಹಿಂದಿನ ಸೀಟು ಯಾಕೆ ಕುಲುಕುವುದಿಲ್ಲ?



ದಸರೆಯ ದಿನ ಕೊಲ್ಲಾಪುರದ ದಸರಾ ಚೌಕದಲ್ಲಿ ಜನ ಕತ್ತೆತ್ತಿ ನೋಡುವ ಕಾರು ಒಂದಿದೆ. ಛತ್ರಪತಿ ಮನೆತನದ ಹಳೆಯ ಮೇಬ್ಯಾಕ್ ಅದು, 1930ರ ದಶಕದ್ದು. ಜರ್ಮನಿಯ ಮೇಬ್ಯಾಕ್ ಕಂಪನಿ 1909ರಲ್ಲಿ ಶುರುವಾದದ್ದು ಕಾರು ಮಾಡಲಿಕ್ಕೆ ಅಲ್ಲ, ಝೆಪ್ಪೆಲಿನ್ ಎಂಬ ದೊಡ್ಡ ವಾಯುನೌಕೆಗಳಿಗೆ ಎಂಜಿನ್ ಮಾಡಲಿಕ್ಕೆ. ಕಾರುಗಳು ಬಂದದ್ದು 1921ರಿಂದ. ಇಂದು ಆ ಹೆಸರು ಮರ್ಸಿಡಿಸ್ ಕಂಪನಿಯದು. ಅವರ ಎಸ್-ಕ್ಲಾಸ್ ಎಂಬ ಉದ್ದನೆಯ ಸೆಡಾನ್ ಕಾರಿನ ಅತಿ ದುಬಾರಿ ಬಗೆಗೆ ಮೇಬ್ಯಾಕ್ ಹೆಸರನ್ನೇ ಇಟ್ಟಿದ್ದಾರೆ. ಈ ಎಸ್-ಕ್ಲಾಸ್ ಕಾರನ್ನು ನಮ್ಮ ರಾಜ್ಯದಲ್ಲೇ, ಪುಣೆ ಹತ್ತಿರದ ಚಾಕಣದಲ್ಲಿ, ಜೋಡಿಸುತ್ತಾರೆ. ಬೆಲೆ ಒಂದೂವರೆ ಕೋಟಿ ರೂಪಾಯಿಗೂ ಮೇಲೆ.

"ಸರ್, ನಾವು ಯಾವಾಗ ಅದರಾಗ ಕೂಡ್ತೀವಿ?" ಅಂತ ನೀವು ಕೇಳಬಹುದು. ಕೂಡುವುದು ಬಿಡಿ, ಅದು ಹಾಗೆ ಯಾಕೆ ಓಡುತ್ತದೆ ಎಂದು ತಿಳಿಯಲಿಕ್ಕೆ ದುಡ್ಡು ಬೇಕಾಗಿಲ್ಲ. ನಿಮ್ಮ ಪುಸ್ತಕದ ಚಲನೆ, ಬಲ, ಶಕ್ತಿ ಎಂಬ ಮೂರು ಪಾಠ ಸಾಕು. ಜೊತೆಗೆ ದಿನಾ ಹತ್ತುವ ಎಸ್.ಟಿ. ಬಸ್ಸು.

ಎಸ್.ಟಿ.ಯ ಕೊನೆಯ ಸೀಟು

ಕೋವಾಡದಿಂದ ನೇಸರಿ ಮೇಲೆ ಗಡಹಿಂಗ್ಲಜಕ್ಕೆ ಹೋಗುವ ಬಸ್ಸಿನಲ್ಲಿ ಕೊನೆಯ ಸೀಟಿನಲ್ಲಿ ಕುಳಿತವರಿಗೆ ಗೊತ್ತು: ಸ್ಪೀಡ್ ಬ್ರೇಕರ್ ಬಂದರೆ ತಲೆ ಮೇಲಿನ ತಗಡಿಗೆ ಬಡಿಯುವುದೊಂದು ಬಾಕಿ. ನಡುವಿನ ಸೀಟಿನವರು ಮಾತ್ರ ಆರಾಮ ಇರುತ್ತಾರೆ. ಯಾಕೆ? ಲೆಕ್ಕ ಮಾಡಿ ನೋಡೋಣ.

ಮುಂದಿನ ಗಾಲಿಯಿಂದ ಹಿಂದಿನ ಗಾಲಿಯವರೆಗಿನ ಅಂತರಕ್ಕೆ ವೀಲ್‌ಬೇಸ್ ಎನ್ನುತ್ತಾರೆ. ಬಸ್ಸಿನ ವೀಲ್‌ಬೇಸ್ 5 ಮೀಟರ್, ಕೊನೆಯ ಸೀಟು ಹಿಂದಿನ ಗಾಲಿಯಿಂದ ಇನ್ನೂ 2.5 ಮೀಟರ್ ಹಿಂದೆ, ಸ್ಪೀಡ್ ಬ್ರೇಕರಿನ ಎತ್ತರ 10 ಸೆಂ.ಮೀ. ಎಂದು ಇಟ್ಟುಕೊಳ್ಳಿ. ಸ್ಪ್ರಿಂಗಿನ ವಿಚಾರ ಸದ್ಯಕ್ಕೆ ಬೇಡ. ಮುಂದಿನ ಗಾಲಿ ಹತ್ತಿದಾಗ ಬಸ್ಸು ಹಿಂದಿನ ಗಾಲಿಯನ್ನು ಆನಿಕೆ ಮಾಡಿಕೊಂಡು ಸನ್ನೆಗೋಲಿನಂತೆ ತಿರುಗುತ್ತದೆ. ಆಗ ಕೊನೆಯ ಸೀಟು 5 ಸೆಂ.ಮೀ. ಕೆಳಗೆ ಹೋಗುತ್ತದೆ. ಹಿಂದಿನ ಗಾಲಿ ಹತ್ತಿದಾಗ ಅದೇ ಸೀಟು 15 ಸೆಂ.ಮೀ. ಮೇಲೆ ಏಳುತ್ತದೆ. ಅಂದ್ರೆ ರಸ್ತೆಯ ಉಬ್ಬು 10 ಸೆಂ.ಮೀ., ನಿಮ್ಮ ಓಲಾಟ 20 ಸೆಂ.ಮೀ.! ಸರಿಯಾಗಿ ನಡುವೆ ಕುಳಿತವನು ಎರಡೂ ಸಲ ಬರೀ 5 ಸೆಂ.ಮೀ. ಏಳುತ್ತಾನೆ.

ಈಗ ಕಾರಿಗೆ ಬನ್ನಿ. ನಮ್ಮ ಹಳೆಯ ಮಾರುತಿ 800ರ ವೀಲ್‌ಬೇಸ್ ಸುಮಾರು 2.18 ಮೀಟರ್. ಈಗಿನ ಉದ್ದ ಎಸ್-ಕ್ಲಾಸ್‌ನದು ಸುಮಾರು 3.22 ಮೀಟರ್, ಕಾರಿನ ಒಟ್ಟು ಉದ್ದ 5.29 ಮೀಟರ್. ಅದೇ 10 ಸೆಂ.ಮೀ. ಉಬ್ಬಿಗೆ ಮಾರುತಿ ಸುಮಾರು 2.6 ಡಿಗ್ರಿ ಓರೆಯಾಗುತ್ತದೆ, ಎಸ್-ಕ್ಲಾಸ್ ಸುಮಾರು 1.8 ಡಿಗ್ರಿ. ಮೇಲಾಗಿ ಸಣ್ಣ ಕಾರಿನಲ್ಲಿ ಹಿಂದಿನ ಸೀಟು ಹೆಚ್ಚುಕಡಿಮೆ ಗಾಲಿಯ ಮೇಲೆಯೇ ಇರುತ್ತದೆ. ಉದ್ದ ಕಾರಿನಲ್ಲಿ ಅದನ್ನು ಗಾಲಿಗಿಂತ ಮುಂದಕ್ಕೆ, ನಡುವಿನ ಕಡೆಗೆ ತರಲು ಜಾಗ ಸಿಗುತ್ತದೆ. ಮಾಲೀಕರು ಹಿಂದೆ ಕೂಡುವ ಕಾರುಗಳನ್ನು ಉದ್ದ ಮಾಡುವುದು ಬರೀ ಕಾಲು ಚಾಚಲಿಕ್ಕಲ್ಲ, ಇದಕ್ಕೂ ಹೌದು.

ಸ್ಪ್ರಿಂಗು, ಶಾಕಪ್ಪು, ಗಾಳಿ

ಒಂದು ರಬ್ಬರ್ ಬ್ಯಾಂಡಿಗೆ ಸಣ್ಣ ಕಲ್ಲು ಕಟ್ಟಿ ತೂಗಿಬಿಡಿ. ಕೆಳಗೆ ಎಳೆದು ಬಿಟ್ಟರೆ ಬೇಗ ಬೇಗ ಕುಣಿಯುತ್ತದೆ. ಸ್ವಲ್ಪ ದೊಡ್ಡ ಕಲ್ಲು ಕಟ್ಟಿ, ನಿಧಾನವಾಗಿ ಕುಣಿಯುತ್ತದೆ. ಸ್ಪ್ರಿಂಗ್ ಅದೇ ಇದ್ದು ರಾಶಿ ನಾಲ್ಕು ಪಟ್ಟಾದರೆ ಕುಣಿತದ ಆವೃತ್ತಿ ಅರ್ಧ ಆಗುತ್ತದೆ. ಖಾಲಿ ಎಸ್.ಟಿ. ಖಡಖಡ ಅನ್ನುತ್ತದೆ, ಬಾಜಾರದ ದಿನ ತುಂಬಿದ ಎಸ್.ಟಿ. ಮೆತ್ತಗೆ ಹೋಗುತ್ತದೆ ಅನ್ನುವುದಕ್ಕೆ ಇದೇ ಕಾರಣ.

ಕುಳಿತ ಮನುಷ್ಯನಿಗೆ ಸೆಕೆಂಡಿಗೆ 4ರಿಂದ 8 ಸಲ ಮೇಲೆ-ಕೆಳಗೆ ಆಗುವ ಕಂಪನ ಎಲ್ಲಕ್ಕಿಂತ ಹೆಚ್ಚು ತ್ರಾಸ ಕೊಡುತ್ತದೆ. ಅದಕ್ಕೇ ಆರಾಮದ ಕಾರುಗಳ ಸ್ಪ್ರಿಂಗನ್ನು ಸೆಕೆಂಡಿಗೆ ಸುಮಾರು ಒಂದು ಸಲ ಮಾತ್ರ ಓಲಾಡುವಷ್ಟು ಮೆತ್ತಗೆ ಮಾಡುತ್ತಾರೆ. ಇನ್ನೂ ಮೆತ್ತಗೆ ಮಾಡಬಾರದೇ? ಬಾರದು. ಸೆಕೆಂಡಿಗೆ ಅರ್ಧ ಸಲಕ್ಕಿಂತ ನಿಧಾನವಾದ ಓಲಾಟ ಹೊಟ್ಟೆ ತೊಳಸುತ್ತದೆ. ಜೋಕಾಲಿಯಲ್ಲಿ ಬಹಳ ಹೊತ್ತು ಕುಳಿತವರಿಗೆ ಕೇಳಿ.

ಆದರೆ ಸ್ಪ್ರಿಂಗ್ ಒಂದೇ ಇದ್ದರೆ ಗಾಡಿ ಕುಣಿಯುತ್ತಲೇ ಇರುತ್ತದೆ. ಆ ಕಲ್ಲನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ ಎಳೆದು ಬಿಡಿ, ಒಂದೆರಡು ಸಲಕ್ಕೆ ನಿಲ್ಲುತ್ತದೆ. ಈ ಕೆಲಸವನ್ನು ಕಾರಿನಲ್ಲಿ ಶಾಕ್ ಅಬ್ಸಾರ್ಬರ್, ಅಂದ್ರೆ ಗ್ಯಾರೇಜಿನವರ ಶಾಕಪ್, ಮಾಡುತ್ತದೆ. ಒಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ಹಾಯುವಾಗ ಕುಣಿತದ ಶಕ್ತಿ ಉಷ್ಣವಾಗಿ ಹೋಗುತ್ತದೆ.

1998ರಲ್ಲಿ ಬಂದ ಎಸ್-ಕ್ಲಾಸ್‌ನಲ್ಲಿ ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಸ್ಪ್ರಿಂಗ್ ಹಾಕಿದರು. ಇಬ್ಬರು ಕುಳಿತರೂ ಐವರು ಕುಳಿತರೂ ಪಂಪು ಅಷ್ಟಕ್ಕೆ ತಕ್ಕಂತೆ ಗಾಳಿ ತುಂಬುತ್ತದೆ, ಕಾರು ಕುಸಿಯುವುದಿಲ್ಲ. ದೊಡ್ಡ ಕಾರು ತೇಲಿದಂತೆ ಹೋಗುತ್ತದೆ ಎಂಬ ಮಾತಿನ ಹಿಂದೆ ಇರುವುದು ಇಷ್ಟೇ: ಉದ್ದ, ರಾಶಿ, ಗಾಳಿ, ಎಣ್ಣೆ.

ತಿರುವಿನಲ್ಲಿ

ಉದ್ದ ಕಾರಿಗೆ ಒಂದು ತೊಂದರೆಯೂ ಇದೆ. ಸಣ್ಣ ಓಣಿಯಲ್ಲಿ ತಿರುಗಲಿಕ್ಕೆ ಜಾಗ ಹೆಚ್ಚು ಬೇಕು. ಅದಕ್ಕೆ ಈಗಿನ ಕೆಲವು ಎಸ್-ಕ್ಲಾಸ್ ಕಾರುಗಳಲ್ಲಿ ಹಿಂದಿನ ಗಾಲಿಗಳೂ 10 ಡಿಗ್ರಿಯವರೆಗೆ ತಿರುಗುತ್ತವೆ. ನಿಧಾನ ಇರುವಾಗ ಮುಂದಿನ ಗಾಲಿ ಎಡಕ್ಕೆ ಹೋದರೆ ಹಿಂದಿನದು ಬಲಕ್ಕೆ ಹೋಗಿ, ಉದ್ದ ಕಾರು ಗಿಡ್ಡ ಕಾರಿನಂತೆ ತಿರುಗುತ್ತದೆ. ವೇಗ ಹೆಚ್ಚಾದಾಗ ಎರಡೂ ಒಂದೇ ಕಡೆಗೆ, ಬಹಳ ಸ್ವಲ್ಪ, ಹೊರಳುತ್ತವೆ. ಆಗ ಕಾರು ಸ್ಥಿರವಾಗಿರುತ್ತದೆ.

ಆಂಬೋಲಿ ಘಟ್ಟದ ತಿರುವುಗಳಲ್ಲಿ ಇಂಥ ಕಾರು ಮಗುಚುವುದು ಅಪರೂಪ. ಕಾರಣ ಗುರುತ್ವ ಕೇಂದ್ರ. ಎಡ-ಬಲ ಗಾಲಿಗಳ ನಡುವಿನ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ. ಸೆಡಾನಿಗೆ 0.8 ಮೀಟರನ್ನು 0.55 ಮೀಟರಿನಿಂದ ಭಾಗಿಸಿದರೆ ಸುಮಾರು 1.45. ಕಬ್ಬು ಎತ್ತರಕ್ಕೆ ಹೇರಿದ ಟ್ರಾಲಿಗೆ ಅದೇ 0.8 ಮೀಟರು, ಕೇಂದ್ರ 1.8 ಮೀಟರು ಎತ್ತರ ಎಂದರೆ ಸುಮಾರು 0.44. ಒಣ ಡಾಂಬರಿನ ಮೇಲೆ ಟಾಯರಿನ ಘರ್ಷಣಾಂಕ ಸುಮಾರು 0.8. ಭಾಗಲಬ್ಧ ಇದಕ್ಕಿಂತ ದೊಡ್ಡದಿದ್ದರೆ ಗಾಡಿ ಮಗುಚುವ ಮೊದಲು ಜಾರುತ್ತದೆ. ಸಣ್ಣದಿದ್ದರೆ ಜಾರುವ ಮೊದಲೇ ಮಗುಚುತ್ತದೆ. ಹಂಗಾಮಿನಲ್ಲಿ ಕಬ್ಬಿನ ಟ್ರಾಲಿ ತಿರುವಿನಲ್ಲಿ ಬರುವಾಗ ಅದರ ಪಕ್ಕಕ್ಕೆ ಸೈಕಲ್ ಹೊಡೆಯಬೇಡಿ ಎಂದು ನಾವು ಹೇಳುವುದು ಸುಮ್ಮನೆ ಅಲ್ಲ.

ನಿಲ್ಲುವುದು

ಎಸ್-ಕ್ಲಾಸಿನ ರಾಶಿ ಸುಮಾರು 2000 ಕಿ.ಗ್ರಾಂ. ಗಂಟೆಗೆ 100 ಕಿ.ಮೀ. ವೇಗದಲ್ಲಿ, ಅಂದ್ರೆ ಸೆಕೆಂಡಿಗೆ 27.8 ಮೀಟರ್, ಅದರ ಚಲನ ಶಕ್ತಿ ಸುಮಾರು 7.7 ಲಕ್ಷ ಜೂಲ್. 800 ಕಿ.ಗ್ರಾಂ. ಸಣ್ಣ ಕಾರಿನದು ಸುಮಾರು 3.1 ಲಕ್ಷ ಜೂಲ್. ಬ್ರೇಕು ಇಷ್ಟನ್ನೂ ಉಷ್ಣ ಮಾಡಬೇಕು. ಅದಕ್ಕೇ ಭಾರೀ ಕಾರಿಗೆ ದೊಡ್ಡ ಬ್ರೇಕ್ ಡಿಸ್ಕುಗಳು.

ಹಾಗಾದರೆ ಭಾರೀ ಕಾರು ನಿಲ್ಲಲು ಹೆಚ್ಚು ದೂರ ಬೇಕೇ? ಇಲ್ಲ. ರಾಶಿ ಹೆಚ್ಚಾದಂತೆ ಟಾಯರಿನ ಘರ್ಷಣಾ ಬಲವೂ ಅಷ್ಟೇ ಹೆಚ್ಚುತ್ತದೆ, ಲೆಕ್ಕದಲ್ಲಿ ರಾಶಿ ಹೊಡೆದುಹೋಗುತ್ತದೆ. ಒಳ್ಳೆಯ ಬ್ರೇಕು, ಒಣ ರಸ್ತೆ, ಘರ್ಷಣಾಂಕ 0.8 ಇದ್ದರೆ ಎರಡಕ್ಕೂ ಸುಮಾರು 49 ಮೀಟರ್ ಬೇಕು. ವೇಗ ಅರ್ಧ ಮಾಡಿ 50ಕ್ಕೆ ಇಳಿಸಿದರೆ 12 ಮೀಟರ್ ಸಾಕು. ಮಳೆಗೆ ಘರ್ಷಣಾಂಕ 0.4ಕ್ಕೆ ಇಳಿದರೆ 100ರ ವೇಗದಲ್ಲಿ 98 ಮೀಟರ್! ಒಂದೂವರೆ ಕೋಟಿ ಕೊಟ್ಟರೂ ಈ ನಿಯಮದಲ್ಲಿ ರಿಯಾಯಿತಿ ಸಿಗುವುದಿಲ್ಲ.

ಮೇಲಿನವರ ಕಾರಿನಿಂದ ಅಣ್ಣನ ಬೈಕಿಗೆ

ಬ್ರೇಕು ಜೋರಾಗಿ ಒತ್ತಿದರೆ ಗಾಲಿ ಜಾಮ್ ಆಗಿ ಜಾರುತ್ತದೆ, ಆಗ ಹ್ಯಾಂಡಲು ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಇದನ್ನು ತಪ್ಪಿಸಲು ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ 1978ರಲ್ಲಿ ಎಸ್-ಕ್ಲಾಸ್‌ಗೆ ಬಂತು. ಗಾಲಿ ಜಾಮ್ ಆಗುವ ಹೊತ್ತಿಗೆ ಅದು ಬ್ರೇಕನ್ನು ಸೆಕೆಂಡಿಗೆ ಹಲವು ಸಲ ಸಡಿಲಿಸಿ ಮತ್ತೆ ಒತ್ತುತ್ತದೆ. 1981ರಲ್ಲಿ ಅದೇ ಕಾರಿಗೆ ಚಾಲಕನ ಏರ್‌ಬ್ಯಾಗ್ ಬಂತು. ಆಗ ಇವೆಲ್ಲ ಶ್ರೀಮಂತರ ವಸ್ತು. 2019ರಿಂದ ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಎಬಿಎಸ್ ಮತ್ತು ಚಾಲಕನ ಏರ್‌ಬ್ಯಾಗ್ ಎರಡೂ ಕಡ್ಡಾಯ. 125 ಸಿಸಿಗಿಂತ ದೊಡ್ಡ ಬೈಕುಗಳಿಗೂ ಎಬಿಎಸ್ ಬೇಕೇ ಬೇಕು. ನಿಮ್ಮ ಅಣ್ಣನ ಬೈಕಿನ ಮುಂದಿನ ಗಾಲಿ ನೋಡ್ರಿ. ಡಿಸ್ಕಿನ ಪಕ್ಕದಲ್ಲಿ ತೂತುತೂತಿನ ಸಣ್ಣ ಉಂಗುರ ಕಂಡರೆ, ಗಾಲಿಯ ವೇಗ ಅಳೆಯುವ ಎಬಿಎಸ್ ಉಂಗುರ ಅದೇ.

ಎಲ್ಲಕ್ಕಿಂತ ಅಗ್ಗದ್ದು ಮಾತ್ರ ದುಬಾರಿ ಕಾರಿನಿಂದ ಬಂದದ್ದಲ್ಲ. ಮೂರು ಕಡೆ ಹಿಡಿಯುವ ಸೀಟ್ ಬೆಲ್ಟನ್ನು 1959ರಲ್ಲಿ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು. ಬೇರೆ ಕಂಪನಿಗಳೂ ಬಳಸಲಿ ಎಂದು ವೋಲ್ವೋ ಅದರ ಪೇಟೆಂಟನ್ನು ತೆರೆದಿಟ್ಟಿತು.

ಬೆಲ್ಟಿನ ಲೆಕ್ಕ ನೀವೇ ಮಾಡಬಹುದು. ನಿಮ್ಮ ರಾಶಿ 40 ಕಿ.ಗ್ರಾಂ., ಕಾರಿನ ವೇಗ ಗಂಟೆಗೆ 50 ಕಿ.ಮೀ., ಅಂದ್ರೆ ಸೆಕೆಂಡಿಗೆ 13.9 ಮೀಟರ್. ನಿಮ್ಮ ಸಂವೇಗ 556. ಕಾರು ಗುದ್ದಿ ನಿಂತರೂ ಜಡತ್ವದಿಂದ ನೀವು ಅದೇ ವೇಗದಲ್ಲಿ ಮುಂದೆ ಹೋಗುತ್ತೀರಿ. ಬೆಲ್ಟು ಹಿಡಿದು, ಮುಂಭಾಗ ನುಜ್ಜಾಗುತ್ತ, 0.1 ಸೆಕೆಂಡಿನಲ್ಲಿ ನಿಂತರೆ ಮೈಮೇಲಿನ ಬಲ 5,560 ನ್ಯೂಟನ್. ಬೆಲ್ಟು ಇಲ್ಲದೆ ಮುಂದಿನ ಸೀಟಿಗೆ ಬಡಿದು 0.01 ಸೆಕೆಂಡಿನಲ್ಲಿ ನಿಂತರೆ 55,600 ನ್ಯೂಟನ್. ಹತ್ತು ಪಟ್ಟು! ಮೊದಲನೆಯದರಲ್ಲಿ ಮೈಗೆ ನೋವಾಗಬಹುದು, ಎರಡನೆಯದರಲ್ಲಿ ಬದುಕುವುದೇ ಕಷ್ಟ.

2022ರ ಸೆಪ್ಟೆಂಬರ್ 4ರಂದು ಪಾಲಘರ ಜಿಲ್ಲೆಯಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಕಾರು ಅಪಘಾತದಲ್ಲಿ ತೀರಿಕೊಂಡರು. ಕಾರು ದುಬಾರಿಯದೇ. ಹಿಂದಿನ ಸೀಟಿನಲ್ಲಿದ್ದ ಅವರು ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ಹಿಂದೆ ಕುಳಿತವರೂ ಬೆಲ್ಟ್ ಹಾಕಬೇಕು ಎಂಬುದು ನಿಯಮ. ಆದರೂ "ಹಿಂದ ಕೂತವರಿಗೆ ಯಾಕ ಬೇಕು" ಅನ್ನುವ ಮಾತು ನಮ್ಮ ಮನೆಗಳಲ್ಲಿ ಇನ್ನೂ ಇದೆ.

ಗಾಳಿಯ ಸ್ಪ್ರಿಂಗು, ತಿರುಗುವ ಹಿಂದಿನ ಗಾಲಿ ನಮ್ಮ ಊರಿನ ಗಾಡಿಗಳಿಗೆ ಬರಲು ಇನ್ನೂ ಎಷ್ಟು ವರ್ಷವೋ. ಬೆಲ್ಟು ಮಾತ್ರ ಆಗಲೇ ಬಂದಿದೆ. ಮಾಮನ ಕಾರಿನಲ್ಲಿ, ಮದುವೆಗೆ ಹೋಗುವ ಬಾಡಿಗೆ ಗಾಡಿಯಲ್ಲಿ ಸೀಟಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದರೆ ಹೊರಗೆ ಎಳೆಯಿರಿ. ವಡಾಪ್ ಜೀಪಿನಲ್ಲಿ ಬೆಲ್ಟೇ ಇಲ್ಲದಿದ್ದರೆ, ಬಾಗಿಲಿಗೆ ಜೋತುಬಿದ್ದು ಹೋಗುವುದಕ್ಕಿಂತ ಮುಂದಿನ ಎಸ್.ಟಿ.ಗೆ ಕಾಯಿರಿ. ಮನೆಯಲ್ಲಿ ಯಾರಾದರೂ ನಕ್ಕರೆ, 556ನ್ನು 0.01ರಿಂದ ಭಾಗಿಸಿ ತೋರಿಸಿ.