ಡ್ರೈವ್‌ನಲ್ಲಿರುವ ಕಡತವೂ ಕಚೇರಿಯ ಕಡತವೇ

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿಗೆ ಪ್ರವಾಹ ಬಂದಾಗ ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ನದಿತೀರದ ಗ್ರಾಮಗಳು ಜಲಾವೃತವಾದವು. ಹಾನಿಗೊಳಗಾದ ಮನೆಗಳ ಛಾಯಾಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದು ಗೂಗಲ್ ಡ್ರೈವ್‌ಗೆ ಏರಿಸುವುದು ಆಗ ಸುಲಭದ ದಾರಿಯಾಗಿತ್ತು. ಕೆಲವು ವರ್ಷಗಳ ತರುವಾಯ, ಕುಸಿದ ತಮ್ಮ ಗೋಡೆಯ ಛಾಯಾಚಿತ್ರದ ಪ್ರತಿ ಬೇಕೆಂದು ವೃದ್ಧೆಯೊಬ್ಬರು ನಾನು ಕಾರ್ಯನಿರ್ವಹಿಸುತ್ತಿದ್ದ ಪಂಚಾಯಿತಿಗೆ ಬಂದರು. ಕಡತ ಇತ್ತು; ಆದರೆ ಅದು ಕೆಲಸ ಬಿಟ್ಟುಹೋದ ಸಿಬ್ಬಂದಿಯ ಸ್ವಂತ ಖಾತೆಯಲ್ಲಿ, 'ನ್ಯೂ ಫೋಲ್ಡರ್ 3' ಎಂಬ ಹೆಸರಿನ ಕೆಳಗಿತ್ತು. ಹುಡುಕಲು ಎರಡು ದಿನ ಹಿಡಿಯಿತು. ಆ ತಾಯಿ ಎರಡು ಬಾರಿ ಬಸ್ಸಿನಲ್ಲಿ ಬಂದು ಹೋಗಬೇಕಾಯಿತು.

ಮಾಹಿತಿ ಹಕ್ಕು ಅಧಿನಿಯಮ, 2005ರ ಕಲಂ 4(1)(ಎ) ಪ್ರಕಾರ ದಾಖಲೆಗಳನ್ನು ವರ್ಗೀಕರಿಸಿ, ಸೂಚಿಯೊಂದಿಗೆ ಇಡುವುದು ನಮ್ಮ ಕರ್ತವ್ಯ. ಕಪಾಟಿನ ಕಡತಕ್ಕೆ ಅನ್ವಯಿಸುವ ಈ ನಿಯಮ ಡ್ರೈವ್‌ನ ಕಡತಕ್ಕೂ ಅನ್ವಯಿಸುತ್ತದೆ.

ಜಾಗ ತುಂಬುವುದು ಹೇಗೆ?

ಗೂಗಲ್‌ನ ಉಚಿತ ಖಾತೆಗೆ 15 ಜಿಬಿ ಮಿತಿಯಿದೆ. ಡ್ರೈವ್, ಜಿಮೇಲ್, ಫೋಟೋಸ್ ಮೂರೂ ಇದನ್ನೇ ಹಂಚಿಕೊಳ್ಳುತ್ತವೆ. ನರೇಗಾ ಕಾಮಗಾರಿಯೊಂದಕ್ಕೆ ಆರಂಭಕ್ಕೆ ಮೊದಲು, ಪ್ರಗತಿಯಲ್ಲಿ ಹಾಗೂ ಪೂರ್ಣಗೊಂಡ ನಂತರ ಎಂದು ಮೂರು ಹಂತಗಳಲ್ಲಿ ಛಾಯಾಚಿತ್ರ ಬೇಕು. ಹಂತಕ್ಕೆ ನಾಲ್ಕರಂತೆ, ತಲಾ 4 ಎಂಬಿ ಎಂದು ಲೆಕ್ಕ ಹಾಕಿದರೆ ಸುಮಾರು 300 ಕಾಮಗಾರಿಗಳಿಗೆ ಖಾತೆ ತುಂಬುತ್ತದೆ. ತುಂಬಿದ ಖಾತೆಗೆ ಹೊಸ ಕಡತ ಏರುವುದಿಲ್ಲ. ಇಮೇಲ್ ಕೂಡ ಬರುವುದಿಲ್ಲ. ತಾಲ್ಲೂಕಿನಿಂದ ಕಳುಹಿಸಿದ ಪತ್ರ ತಲುಪಲಿಲ್ಲ ಎಂಬ ದೂರಿನ ಹಿಂದೆ ಅನೇಕ ಬಾರಿ ಇದೇ ಕಾರಣವಿರುತ್ತದೆ.

ಅನುಸರಿಸಬಹುದಾದ ಕ್ರಮ

1. ಒಡೆತನ: ಕಡತಗಳು ಪಂಚಾಯಿತಿಯ ಕಚೇರಿ ಖಾತೆಯ ಒಡೆತನದಲ್ಲಿರಲಿ. ಹಂಚಿಕೊಂಡ ಕಡತ ನಮಗೆ ಕಾಣಿಸುತ್ತದೆಯಾದರೂ ಅದು ಕಳುಹಿಸಿದವರದೇ ಆಗಿರುತ್ತದೆ. ಅವರ ಖಾತೆ ಮುಚ್ಚಿದರೆ ಕಡತವೂ ಹೋಗುತ್ತದೆ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಬಹುದು. ಸಿಬ್ಬಂದಿ ವರ್ಗಾವಣೆಯಾಗುವಾಗ ಪ್ರಭಾರ ಪಟ್ಟಿಯಲ್ಲಿ ಡ್ರೈವ್ ಕಡತಗಳನ್ನೂ ಸೇರಿಸಿ.

2. ಫೋಲ್ಡರ್: ಮೊದಲು ಆರ್ಥಿಕ ವರ್ಷ, ಅದರೊಳಗೆ ವಿಷಯ: ಸಭಾ ನಡಾವಳಿ, ನರೇಗಾ, ಹಣಕಾಸು ಆಯೋಗ, ತೆರಿಗೆ ಮತ್ತು ಇ-ಸ್ವತ್ತು, ವಸತಿ, ಪತ್ರ ವ್ಯವಹಾರ. ಮೂರು ಹಂತಗಳಿಗಿಂತ ಆಳ ಬೇಡ.

3. ಹೆಸರು: ವರ್ಷ-ತಿಂಗಳು-ದಿನ, ಗ್ರಾಮ, ವಿಷಯ ಎಂಬ ಅನುಕ್ರಮವಿರಲಿ. ಹೀಗೆ ಬರೆದರೆ ಕಡತಗಳು ತಾವಾಗಿಯೇ ದಿನಾಂಕದ ಸಾಲಿನಲ್ಲಿ ನಿಲ್ಲುತ್ತವೆ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. 2014ರ ನವೆಂಬರ್ 1ಕ್ಕಿಂತ ಹಿಂದಿನ ಕಡತಗಳಲ್ಲಿ 'ಗುಲ್ಬರ್ಗಾ' ಎಂದಿರುತ್ತದೆ. 'ಕಲಬುರಗಿ' ಎಂದು ಹುಡುಕಿದರೆ ಸಿಗುವುದಿಲ್ಲ. ಆಳಂದ, ಜೇವರ್ಗಿ, ಅಫಜಲಪುರ ಹೆಸರುಗಳನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಯಡ್ರಾಮಿ ಪ್ರತ್ಯೇಕ ತಾಲ್ಲೂಕಾಗುವ ಮುನ್ನಿನ ಕಡತಗಳು ಜೇವರ್ಗಿಯ ಹೆಸರಿನಲ್ಲಿವೆ. ಆದ್ದರಿಂದ ಗ್ರಾಮದ ಹೆಸರಿನ ಜೊತೆ ಎಲ್‌ಜಿಡಿ ಸಂಕೇತ ಸಂಖ್ಯೆಯನ್ನೂ ಬರೆಯಿರಿ.

4. ತೆರವು: ಡ್ರೈವ್‌ನ 'ಸ್ಟೋರೇಜ್' ಪುಟದಲ್ಲಿ ದೊಡ್ಡ ಕಡತಗಳು ಮೊದಲು ಕಾಣುತ್ತವೆ. ವಿಡಿಯೊಗಳು, ಮರುಪ್ರತಿಗಳು, ಮಸುಕಾದ ಚಿತ್ರಗಳನ್ನು ಅಲ್ಲಿಂದ ತೆಗೆಯಿರಿ. ವಾಟ್ಸಾಪ್‌ನಲ್ಲಿ ಚಿತ್ರವಾಗಿ ಬಂದ ಪ್ರತಿಯಲ್ಲಿ ಸ್ಥಳದ ಮಾಹಿತಿ ಉಳಿಯುವುದಿಲ್ಲ. ಹಾಗಾಗಿ ಜಿಪಿಎಸ್ ಮಾಹಿತಿಯಿರುವ ಮೂಲ ಪ್ರತಿಯನ್ನು ಉಳಿಸಿ, ವಾಟ್ಸಾಪ್ ಪ್ರತಿಯನ್ನು ಅಳಿಸಿ. ಅಳಿಸಿದ್ದು 30 ದಿನ 'ಟ್ರ್ಯಾಶ್'ನಲ್ಲಿರುತ್ತದೆ. ಅಲ್ಲಿಯವರೆಗೆ ಜಾಗ ಖಾಲಿಯಾಗದು, ತಪ್ಪಾಗಿದ್ದರೆ ಮರಳಿ ಪಡೆಯಲೂಬಹುದು.

ಅಳಿಸಬಾರದ್ದು

ಸಭಾ ನಡಾವಳಿ, ಲೆಕ್ಕಪರಿಶೋಧನೆ ಬಾಕಿಯಿರುವ ಕಾಮಗಾರಿ, ನ್ಯಾಯಾಲಯದಲ್ಲಿರುವ ವಿಷಯಗಳ ಕಡತಗಳನ್ನು ಮುಟ್ಟಬೇಡಿ. ಮಾಹಿತಿ ಹಕ್ಕಿನಡಿ ಕೇಳಿರುವ ದಾಖಲೆಯನ್ನು ನಾಶಪಡಿಸಿದರೆ ಕಲಂ 20ರಡಿ 25,000 ರೂ.ವರೆಗೆ ದಂಡಕ್ಕೆ ಅವಕಾಶವಿದೆ. ಸಂದೇಹವಿದ್ದಲ್ಲಿ ಅಳಿಸುವ ಬದಲು ಕಚೇರಿಯ ಹಾರ್ಡ್ ಡಿಸ್ಕ್‌ಗೆ ಪ್ರತಿ ಮಾಡಿಡಿ. ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿಗಳಿರುವ ಫೋಲ್ಡರನ್ನು 'ಲಿಂಕ್ ಇರುವ ಎಲ್ಲರಿಗೂ' ತೆರೆದಿಡಬೇಡಿ.

ಹಳೆಯದನ್ನೆಲ್ಲ ಒಂದೇ ದಿನ ಸರಿಪಡಿಸಲಾಗದು. ಇಂದಿನಿಂದ ಬರುವ ಕಡತಕ್ಕೆ ಸರಿಯಾದ ಹೆಸರಿಡೋಣ. ಹಳೆಯ ಒಂದು ವರ್ಷವನ್ನು ತಿಂಗಳಿಗೊಮ್ಮೆ ಕೈಗೆತ್ತಿಕೊಳ್ಳೋಣ. ಮುಂದಿನ ಬಾರಿ ಯಾರಾದರೂ ತಮ್ಮ ಮನೆಯ ದಾಖಲೆ ಕೇಳಿ ಬಂದಾಗ, ಅವರು ಕುರ್ಚಿಯಲ್ಲಿ ಕುಳಿತಿರುವಾಗಲೇ ಪ್ರತಿಯನ್ನು ಕೈಗೆ ಕೊಡುವಂತಾಗಬೇಕು.