ಕರಡು ಹಂತದಲ್ಲಿಯೇ ವರ್ತಕರ ದನಿ

ಅಜ್ಜಂಪುರದ ಈರುಳ್ಳಿ ವರ್ತಕರಿಗಾಗಲಿ, ಕಡೂರಿನ ಕೊಬ್ಬರಿ ಮಂಡಿಯವರಿಗಾಗಲಿ, ತರೀಕೆರೆಯ ಅಡಿಕೆ ವ್ಯಾಪಾರಿಗಳಿಗಾಗಲಿ ಹೊಸ ನಿಯಮವೊಂದರ ಪರಿಚಯವಾಗುವುದು ಬಹುತೇಕ ಇಲಾಖೆಯ ನೋಟೀಸು ಕೈಸೇರಿದ ದಿನ. ಆ ನಿಯಮ ಅದಕ್ಕೆ ಮೊದಲೇ ರಾಜ್ಯಪತ್ರದಲ್ಲಿ ಕರಡಾಗಿ ಪ್ರಕಟವಾಗಿ, ಆಕ್ಷೇಪಣೆಯ ಅವಧಿ ಕಳೆದು, ಅಂತಿಮಗೊಂಡಿರುವುದುಂಟು. ಶಾಸನ ರಚನೆಯಲ್ಲಿ ಸಾರ್ವಜನಿಕರ ಪಾಲ್ಗೊಳ್ಳುವಿಕೆ ಎಂಬ ದೊಡ್ಡ ಮಾತು ವರ್ತಕರ ಮಟ್ಟಿಗೆ ಈ ಕೆಲವೇ ದಿನಗಳ ಪ್ರಶ್ನೆ.

ಈ ಭಾಗಕ್ಕೆ ಇದು ಹೊಸ ವಿಚಾರವೇನಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ ಸೇರಿದ ಪ್ರಜಾಪ್ರತಿನಿಧಿ ಸಭೆಗೆ ತಾಲ್ಲೂಕಿಗೆ ಒಬ್ಬಿಬ್ಬರು ಜಮೀನುಳ್ಳ ರೈತರನ್ನೂ ಜಿಲ್ಲೆಗೆ ಮೂರು-ನಾಲ್ಕು ಮಂದಿ ಪ್ರಮುಖ ವರ್ತಕರನ್ನೂ ಕಳುಹಿಸುವಂತೆ ಆಜ್ಞೆಯಾಗಿತ್ತು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆಯೆಂದೇ ಹೆಸರು. 1923ರ ಸುಧಾರಣೆಗಳ ತರುವಾಯ ಹೊಸ ತೆರಿಗೆ ಹಾಕುವ ಮುನ್ನ, ವಿಧೇಯಕ ಮಂಡಿಸುವ ಮುನ್ನ, ಸಾಮಾನ್ಯವಾಗಿ ಈ ಸಭೆಯ ಅಭಿಪ್ರಾಯ ಕೇಳಬೇಕಾಯಿತು. ಕೇಳಬೇಕಾದದ್ದು ಅಭಿಪ್ರಾಯವನ್ನೇ ಹೊರತು ಒಪ್ಪಿಗೆಯನ್ನಲ್ಲ. ಆದರೂ ಇಂದಿನ ರಾಜ್ಯ ವಿಧೇಯಕಗಳಿಗೆ ಅಷ್ಟು ಕಟ್ಟುಪಾಡೂ ಇಲ್ಲ.

2020ರ ಮೇ ತಿಂಗಳಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಗೆ ತಿದ್ದುಪಡಿ ಬಂದದ್ದು ಸುಗ್ರೀವಾಜ್ಞೆಯ ಮೂಲಕ. ಅದರಲ್ಲಿ ಆಕ್ಷೇಪಣೆಯ ಹಂತವೇ ಇರುವುದಿಲ್ಲ. ಆ ಬದಲಾವಣೆಯನ್ನು ಹಿಂತೆಗೆಯುವ ವಿಧೇಯಕವನ್ನು 2023ರ ಜುಲೈಯಲ್ಲಿ ವಿಧಾನ ಪರಿಷತ್ತು ಪರಿಶೀಲನಾ ಸಮಿತಿಗೆ ಒಪ್ಪಿಸಿತು. ಇಂತಹ ಸಮಿತಿಯ ಮುಂದೆ ಲಿಖಿತ ಮನವಿ ಸಲ್ಲಿಸಲು ಅವಕಾಶ ದೊರೆಯಬಹುದು. ಕೇಂದ್ರದ 2014ರ ನೀತಿಯಂತೆ ಕರಡು ಶಾಸನವನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕು. ಆದರೆ ಅದು ಕೇಂದ್ರದ ಇಲಾಖೆಗಳಿಗಷ್ಟೇ ಅನ್ವಯಿಸುವ ನೀತಿ, ಕಾಯಿದೆಯಲ್ಲ. ಕರ್ನಾಟಕವು 2024ರಲ್ಲಿ ಗಿಗ್ ಕಾರ್ಮಿಕರ ಕರಡು ವಿಧೇಯಕಕ್ಕೆ ಕೊಟ್ಟ ಅವಧಿ ಸುಮಾರು ಹತ್ತು ದಿನ. ತಾಲ್ಲೂಕು ಕೇಂದ್ರದ ಸಂಘವೊಂದು ಸಭೆ ಕರೆದು ನಿರ್ಣಯ ಮಾಡುವಷ್ಟರಲ್ಲಿ ಅದು ಮುಗಿದಿರುತ್ತದೆ.

ನಿಯಮಗಳ ವಿಷಯ ಬೇರೆ, ಮತ್ತು ವರ್ತಕರಿಗೆ ಹೆಚ್ಚು ಉಪಯುಕ್ತ. ಮೂಲ ಕಾಯಿದೆಯಲ್ಲಿ ‘ಪೂರ್ವ ಪ್ರಕಟಣೆಯ ಷರತ್ತಿಗೊಳಪಟ್ಟು’ ಎಂಬ ಮಾತಿದ್ದರೆ ಕರಡನ್ನು ಪ್ರಕಟಿಸಲೇಬೇಕು, ನಿಗದಿತ ದಿನದೊಳಗೆ ಬಂದ ಆಕ್ಷೇಪಣೆಗಳನ್ನು ಪರಿಶೀಲಿಸಲೇಬೇಕು. ಒಪ್ಪಲೇಬೇಕೆಂದಿಲ್ಲ. 1897ರ ಸಾಮಾನ್ಯ ಖಂಡಗಳ ಅಧಿನಿಯಮದ 23ನೆಯ ಪ್ರಕರಣದ ಮೇರೆಗೆ, ಅಂತಿಮ ನಿಯಮ ರಾಜ್ಯಪತ್ರದಲ್ಲಿ ಬಂದರೆ ಅದು ಕ್ರಮಬದ್ಧವಾಗಿ ರಚಿತವಾಯಿತೆಂಬುದಕ್ಕೆ ಆ ಪ್ರಕಟಣೆಯೇ ನಿರ್ಣಾಯಕ ಸಾಕ್ಷ್ಯ. ಅನಂತರ ‘ನಮ್ಮನ್ನು ಕೇಳಲಿಲ್ಲ’ ಎನ್ನುವ ವಾದಕ್ಕೆ ಹೆಚ್ಚು ಬಲವಿರದು. ಪುರಸಭೆಯ ತೆರಿಗೆಗೂ 1964ರ ಪುರಸಭೆಗಳ ಅಧಿನಿಯಮದಲ್ಲಿ ಇಂತಹುದೇ ವ್ಯವಸ್ಥೆಯಿದೆ: ಸೂಚನೆ ಹೊರಟ ಮೇಲೆ ಪಟ್ಟಣದ ನಿವಾಸಿಗಳು ತೆರಿಗೆಗೂ ಅದರ ದರಕ್ಕೂ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು.

ಭಾಷೆಯ ತೊಡಕು ಸಣ್ಣದಲ್ಲ. ಕೈಗಾರಿಕೆಗಳಿಗೆ ನೇರವಾಗಿ ತಟ್ಟುವ 2020ರ ಪರಿಸರ ಪರಿಣಾಮ ಅಂದಾಜು ಕರಡು ಅಧಿಸೂಚನೆಗೆ ಪ್ರಾದೇಶಿಕ ಭಾಷೆಗಳಲ್ಲಿ ಸಾಕಷ್ಟು ಪ್ರಚಾರ ನೀಡಿಲ್ಲವೆಂಬ ದೂರು ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಆ ವರ್ಷದ ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆ ಹೊರಡಿಸದಂತೆ ನ್ಯಾಯಾಲಯ ಮಧ್ಯಂತರ ತಡೆ ನೀಡಿತು. ಇಂಗ್ಲಿಷ್ ಕರಡನ್ನು ಓದಿ ತಿಳಿಸುವವರು ಊರಲ್ಲೊಬ್ಬ ಲೆಕ್ಕಪರಿಶೋಧಕರೋ ವಕೀಲರೋ ಇದ್ದಾರು. ಅವರಿಗೆ ಈ ಕೆಲಸ ಒಪ್ಪಿಸುವುದು ಸಂಘಕ್ಕೆ ದುಬಾರಿಯೇನಲ್ಲ.

ಆಕ್ಷೇಪಣೆ ಬರೆಯುವಾಗ ‘ವರ್ತಕರಿಗೆ ತೊಂದರೆಯಾಗುತ್ತದೆ’ ಎಂದಷ್ಟೇ ಬರೆದರೆ ಅಧಿಕಾರಿಗಳಿಗೆ ಪರಿಶೀಲಿಸಲು ಏನೂ ಉಳಿಯದು. ಕರಡಿನ ಸಂಖ್ಯೆ, ದಿನಾಂಕ, ನಿರ್ದಿಷ್ಟ ನಿಯಮದ ಅಂಕಿ ಕಾಣಿಸಿ, ಅದರಿಂದ ಒಂದು ಮಂಡಿಗೆ ಅಥವಾ ಎಣ್ಣೆ ಗಾಣಕ್ಕೆ ವರ್ಷಕ್ಕೆ ಬೀಳುವ ಖರ್ಚನ್ನು ಲೆಕ್ಕಪುಸ್ತಕದಿಂದಲೇ ತೆಗೆದು ತೋರಿಸಬೇಕು. ಬದಲಿ ವಾಕ್ಯವನ್ನೂ ಸೂಚಿಸಿದರೆ ಇನ್ನೂ ಲೇಸು. ಒಂದೇ ಮಾದರಿಯ ನೂರು ಪತ್ರಗಳಿಗಿಂತ ಮೂರು ತಾಲ್ಲೂಕುಗಳ ಸಂಘಗಳು ಕೂಡಿ ಕಳುಹಿಸಿದ ಒಂದು ಲೆಕ್ಕದ ಮನವಿಗೆ ತೂಕ ಹೆಚ್ಚೆಂಬುದು ನಮ್ಮ ಅಭಿಪ್ರಾಯ. ಸ್ವೀಕೃತಿ ಪತ್ರ ಪಡೆದಿಡತಕ್ಕದ್ದು. ಅವಧಿ ಮೀರಿದ್ದರೆ ವಿಧಾನಮಂಡಲದ ಅಧೀನ ಶಾಸನ ರಚನಾ ಸಮಿತಿಗೆ ಸ್ಥಳೀಯ ಶಾಸಕರ ಮೂಲಕ ಬರೆಯಬಹುದು. ಆ ದಾರಿ ದೀರ್ಘವಾದದ್ದು, ಅಷ್ಟರಲ್ಲಿ ನಿಯಮ ಜಾರಿಯಲ್ಲಿರುತ್ತದೆ.